ಮೋಡಿ ಲಿಪಿಯ ತಾಯಿ

ನಾನು ಹುಟ್ಟಾ ಅಂಜುಬುರುಕಿ. ಕುಕ್ಕರಿನ ಸೀಟಿಗೆ ಇವತ್ತಿಗೂ ಬೆಚ್ಚಿಬೀಳುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಯಾರೋ ಹೋದರು ಎಂದೇ ನನ್ನ ಲೆಕ್ಕ. ಹಗ್ಗ ಕಂಡರೆ ಹಾವು ಅನ್ನುವವಳು ಎಂದು ಅವ್ವ ನನ್ನನ್ನು ಆಡಿಕೊಳ್ಳುತ್ತಾಳೆ. ಅವಳಿಗೆ ಗೊತ್ತಿಲ್ಲ, ನಾನು ಹಗ್ಗವನ್ನೂ ಕಾಣದೆ ಹಾವು ಅಂದವಳು. ಇತಿಹಾಸ ಓದಿದ್ದರ ಹಿಂದೆಯೂ ಈ ಪುಕ್ಕಲುತನವೇ ಇತ್ತು. ಸತ್ತವರು ಎದುರುತ್ತರ ಕೊಡುವುದಿಲ್ಲ, ಜಗಳಕ್ಕೆ ಬರುವುದಿಲ್ಲ, ಅವರ ನಡುವೆ ನೆಮ್ಮದಿಯಾಗಿ ಇರಬಹುದು ಎಂದುಕೊಂಡಿದ್ದೆ. ಸತ್ತವರಿಗೆ ಮರಿಮಕ್ಕಳಿರುತ್ತಾರೆ ಎಂಬುದು ಫೆಲೋಶಿಪ್ ಸಿಗುವವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ನಾವು ಬೀದರ್ ಕಡೆಯವರು. ಅಪ್ಪ ಬ್ಯಾಂಕಿನಲ್ಲಿದ್ದರು, ನಾನು ಚಿಕ್ಕವಳಿದ್ದಾಗ ವರ್ಗವಾಗಿ ನಾಸಿಕ್‌ಗೆ ಬಂದರು. ಮುಂದಿನ ವರ್ಗದ ಹೊತ್ತಿಗೆ ನಮ್ಮ ಶಾಲೆ, ಅವ್ವನ ಮೊಣಕಾಲು, ಗೋದಾವರಿಯ ನೀರು ಎಲ್ಲ ಸೇರಿ ಇಲ್ಲೇ ಬೇರು ಬಿಟ್ಟೆವು. ಈಗ ಅಪ್ಪ ಇಲ್ಲ. ನಾನು, ನನ್ನ ಗಂಡ, ಮಗಳು, ಅವ್ವ ಕಾರ್ಖಾನೆಗಳ ಬಡಾವಣೆಯಾದ ಅಂಬಡ್‌ನ ಬದಿಯ ಒಂದು ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಗಂಡ ಅಲ್ಲಿಯದೇ ಒಂದು ಸ್ವಿಚ್‌ಗೇರ್ ಕಂಪನಿಯಲ್ಲಿ ಸೂಪರ್‌ವೈಸರ್. ನಾನು ಕಾಲೇಜೊಂದರಲ್ಲಿ ತಾಸಿನ ಲೆಕ್ಕದ ಅಧ್ಯಾಪಕಿ. ಪಾಠ ಮಾಡಿದ ತಾಸಿಗಷ್ಟೇ ಸಂಬಳ. ರಜೆ ಬಂದರೆ, ಪರೀಕ್ಷೆ ಬಂದರೆ, ಜ್ವರ ಬಂದರೆ ಏನೂ ಇಲ್ಲ.

ಇಂಥವರು ಸಂಶೋಧನೆ ಮಾಡುವುದು ಹೇಗೆಂದು ಯಾರೂ ಕೇಳುವುದಿಲ್ಲ. ಹಳೆಯ ಕಾಗದ ಓದಲಿಕ್ಕೆ ಬುದ್ಧಿಗಿಂತ ಹೊತ್ತು ಬೇಕು. ಭಾನುವಾರ ಬಸ್ಸು ಹಿಡಿದು ಹೋದರೆ ಗ್ರಂಥಾಲಯಕ್ಕೆ ಬೀಗ. ಶನಿವಾರ ಹೋದರೆ ಕಪಾಟಿನ ಚಾವಿ ಇರುವವರು ಮದುವೆಗೆ ಹೋಗಿರುತ್ತಾರೆ. ಮೋಡಿ ಲಿಪಿಯ ಒಂದು ಪುಟ ಬಿಡಿಸುವಷ್ಟರಲ್ಲಿ ವಾಪಸು ಬಸ್ಸಿನ ಹೊತ್ತಾಗಿರುತ್ತದೆ. ಮೋಡಿ ಎಂದರೆ ಮರಾಠಿಯನ್ನು ಹಿಂದೆ ಸರಸರ ಬರೆಯಲು ಬಳಸುತ್ತಿದ್ದ ಮುರಿದಕ್ಷರ. ಲೇಖನಿ ಎತ್ತದೆ ಬರೆದದ್ದು, ಪದಗಳ ನಡುವೆ ಜಾಗವಿಲ್ಲ, ಹ್ರಸ್ವ ದೀರ್ಘ ಎಂಬ ಭೇದವಿಲ್ಲ. ಹೀಗಾಗಿ ಈಚೆಗೆ ಹೆಸರು ಬದಲಾದ ಸಂಭಾಜಿನಗರದ ಒಂದು ಹಳೆಯ ಖಾಸಗಿ ಗ್ರಂಥಾಲಯ ನಾಲ್ಕು ತಿಂಗಳ ಫೆಲೋಶಿಪ್‌ಗೆ ನನ್ನನ್ನು ಆರಿಸಿದಾಗ ಮೊದಲ ಸಲ ಹೊತ್ತು ನನ್ನದಾಯಿತು. ಇರಲು ಕೋಣೆ ಅವರದು, ಊಟ ಓಡಾಟ ಅವರದು, ತಪ್ಪಿಹೋಗುವ ಪಾಠಗಳ ಸಂಬಳವನ್ನೂ ತುಂಬಿಕೊಡುವವರು ಅವರೇ. ಇನ್ನೂ ಪಟ್ಟಿಯಾಗದ ಕಟ್ಟುಗಳನ್ನು ಬಿಚ್ಚುವ ಅನುಮತಿ, ಕಿಟಕಿಯ ಪಕ್ಕ ನನ್ನದೇ ಒಂದು ಮೇಜು. ಕೊನೆಗೆ ಊರ ಜನರ ಮುಂದೆ ಒಂದು ಉಪನ್ಯಾಸ ಕೊಡಬೇಕು, ಅಷ್ಟೆ. ಆ ‘ಅಷ್ಟೆ’ ಎಂಬಲ್ಲಿಗೆ ಬಂದು ಕಾಗದ ಮಡಿಸಿಟ್ಟುಬಿಟ್ಟೆ.

ನನ್ನನ್ನು ಆರಿಸಿದ್ದಕ್ಕೆ ಕಾರಣವಿತ್ತು. ನಿಜಾಮರ ಕಾಲದಲ್ಲಿ ಬೀದರ್ ಕಡೆಯಿಂದ ಹೋಗಿ ಆ ಊರಿನಲ್ಲಿ ಹತ್ತಿ ಬಟ್ಟೆಯ ವ್ಯಾಪಾರಕ್ಕೆ ನಿಂತ ಒಂದು ಶೈವ ಮನೆತನದ ಕಾಗದಪತ್ರಗಳು ಅಲ್ಲಿಗೆ ಬಂದಿದ್ದವು. ಮೋಡಿಯಲ್ಲಿ ಬರೆದ ಮರಾಠಿ, ನಡುನಡುವೆ ಕನ್ನಡದ ಮಾತು. ಎರಡೂ ಬಲ್ಲವರು ಬೇಕಿತ್ತು. ಆ ಕಾಗದಗಳನ್ನು ತಂದಿಟ್ಟವರು ಮನೆತನದ ಈಗಿನ ಹಿರಿಯರು, ಎಂಬತ್ತರ ಆಸುಪಾಸು, ಹಳೆ ಊರಿನಲ್ಲಿ ಬಟ್ಟೆ ಅಂಗಡಿ ನಡೆಸಿ ಈಗ ಮನೆಯಲ್ಲಿರುವವರು. ತಂದಿಟ್ಟಿದ್ದರು ಎಂದೆ, ಕೊಟ್ಟಿದ್ದರು ಎನ್ನಲಿಲ್ಲ. ನನ್ನ ಉಪನ್ಯಾಸ ಮನಸ್ಸಿಗೆ ಬಂದರೆ ದಾನಪತ್ರಕ್ಕೆ ಸಹಿ, ಇಲ್ಲವಾದರೆ ಟ್ರಂಕು ಮನೆಗೆ. ಸಹಿಯಾಗುವವರೆಗೆ ಒಂದು ಹಾಳೆಯ ಫೋಟೋ ಕೂಡ ತೆಗೆಯಬಾರದೆಂದು ಕರಾರು. ಮನೆಯಲ್ಲಿ ಆ ಟ್ರಂಕು ಇದ್ದದ್ದು ಅಟ್ಟದ ಮೇಲೆ, ಅರ್ಧ ಪಾಲು ಗೆದ್ದಲಿಗೆ ಹೋಗಿತ್ತು. ಮತ್ತೆ ಅಲ್ಲಿಗೆ ಹೋದರೆ ಉಳಿದರ್ಧವೂ ಹೋಗುತ್ತದೆ ಎಂದು ಗ್ರಂಥಪಾಲಕಿ ಮೊದಲ ದಿನವೇ ನನಗೆ ತಣ್ಣಗೆ ಹೇಳಿದರು. ಅವರು ನನಗಿಂತ ಚಿಕ್ಕವರು, ಮರಾಠಿಯವರು, ಯಾವುದಕ್ಕೂ ಹೆದರದ ಜಾತಿ. ಈ ಮಾತನ್ನು ಹೇಳಿ ಅವರು ಚಹಾ ಕುಡಿದರು. ನನಗೆ ಚಹಾ ಇಳಿಯಲಿಲ್ಲ.

ಕಾಗದಗಳ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ಆ ಕಟ್ಟಿಗೆ ಅಲ್ಲಿ ರುಮಾಲು ಎನ್ನುತ್ತಾರೆ. ದಿನಕ್ಕೊಂದು ರುಮಾಲು ಬಿಚ್ಚುತ್ತೇನೆ ಎಂದು ಫೋನಿನಲ್ಲಿ ಅವ್ವನಿಗೆ ಹೇಳಿದೆ. ಮಂದಿಯ ತಲೆ ಮೇಲಿನ ರುಮಾಲು ಬಿಚ್ಚಲಿಕ್ಕೂ ಫೆಲೋಶಿಪ್ ಕೊಡುತ್ತಾರೇನು ಎಂದು ಅವಳು ನಕ್ಕಳು. ಹುಷಾರು, ರುಮಾಲು ಬಿಚ್ಚಿದರೆ ಗಂಡಸರಿಗೆ ಸಿಟ್ಟು ಬರುತ್ತದೆ ಎಂದೂ ಸೇರಿಸಿದಳು. ಅವಳು ತಮಾಷೆಗೆ ಅಂದದ್ದು, ನನಗೆ ಅದೂ ಅಪಶಕುನವೆನಿಸಿತು.

ಎರಡನೆಯ ದಿನವೇ ಒಂದು ಪತ್ರದ ಮಡಿಕೆ ನನ್ನ ಕೈಯಲ್ಲಿ ಮುರಿಯಿತು. ಹರಿಯಲಿಲ್ಲ, ಹಪ್ಪಳ ಮುರಿದ ಹಾಗೆ ಚಟ್ಟೆಂದು ಮುರಿಯಿತು. ಯಾರೋ ಬರೆದು ನೂರು ವರ್ಷ ಉಳಿದಿದ್ದದ್ದು ನನ್ನ ಹೆಬ್ಬೆರಳಿನ ಕೆಳಗೆ ಎರಡಾಗಿತ್ತು. ಗ್ರಂಥಪಾಲಕಿ ಬಂದು ನೋಡಿ, ಇದು ಮೊದಲೇ ಮುರಿದಿತ್ತು, ನೀವು ಎತ್ತಿದ್ದರಿಂದ ಗೊತ್ತಾಯಿತು ಎಂದರು. ಸಮಾಧಾನಕ್ಕೆ ಹೇಳಿದರೋ ನಿಜವೋ ತಿಳಿಯಲಿಲ್ಲ. ಅಂದಿನಿಂದ ಕಾಗದ ಮುಟ್ಟುವ ಮುಂಚೆ ನನ್ನ ಕೈ ತಣ್ಣಗಾಗುತ್ತಿತ್ತು. ಒಂದು ಪತ್ರವಂತೂ ಮೇಲಿನ ಮಡಿಕೆ ಅಂಟಿಕೊಂಡು ಗಟ್ಟಿಯಾಗಿತ್ತು. ಅದನ್ನು ಬಿಡಿಸುವ ಧೈರ್ಯವೇ ನನಗೆ ಬರಲಿಲ್ಲ. ಕಾಣುವಷ್ಟು ಓದಿ ಬೇರೆ ಲಕೋಟೆಯಲ್ಲಿಟ್ಟೆ.

ಆದರೂ ಓದುತ್ತ ಓದುತ್ತ ನಾನು ಆ ಅಂಗಡಿಯೊಳಗೆ ಹೋದೆ. ಮನೆತನದ ಮೂಲಪುರುಷ ವರ್ಷದ ಬಹುಪಾಲು ಹತ್ತಿ ಖರೀದಿಗೆಂದು ಬೀದರ್, ಕಲಬುರಗಿ ಕಡೆ ತಿರುಗುತ್ತಿದ್ದ. ಅಲ್ಲಿಂದ ಈ ಊರಿನ ಅಂಗಡಿಗೆ ಪತ್ರ ಬರೆಯುತ್ತಿದ್ದ. ಬಿಡಿಸಿದ ಪತ್ರಗಳ ತಲೆಯೆಲ್ಲ ಗೆದ್ದಲಿನ ಹೊಟ್ಟೆಗೆ ಹೋಗಿದ್ದರಿಂದ ಯಾರಿಗೆ ಬರೆದದ್ದು ಎಂಬ ಸಾಲು ಇರಲಿಲ್ಲ. ಒಳಗೆ ಮಾತ್ರ ಮತ್ತೆ ಮತ್ತೆ ಒಂದು ಸಂಬೋಧನೆ: ತಾಈ. ತಾಈ, ಹೊಸ ಗಂಟುಗಳನ್ನು ಒಳಕೋಣೆಯಲ್ಲಿಡು. ತಾಈ, ಆ ಗಿರಾಕಿಗೆ ಉದ್ರಿ ಕೊಡಬೇಡ. ಬರುಬರುತ್ತ ದನಿ ಬದಲಾಗುತ್ತದೆ. ತಾಈ, ಈ ಸಲ ಹತ್ತಿ ಈಗಲೇ ಹಿಡಿಯಲೋ, ಹಬ್ಬ ಕಳೆಯಲಿ ಎನ್ನುತ್ತೀಯೋ, ನೀನು ಅಂದಂತೆ ಮಾಡುತ್ತೇನೆ.

ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಇದರಲ್ಲಿ ಅನುಮಾನ ಪಡುವಂಥದ್ದು ಏನಿತ್ತು? ಅಂಗಡಿಯ ಹೊರಗೆ ಮೂಲಪುರುಷನ ಹೆಸರಿನ ಫಲಕ, ಒಳಗೆ ವ್ಯಾಪಾರ ನಡೆಸಿದವಳು ಅವನ ಅಕ್ಕ, ಬಹುಶಃ ವಿಧವೆ. ನನಗೆ ಹಿಗ್ಗೋ ಹಿಗ್ಗು. ಒಂದು ಕಡೆ ‘ನಿನ್ನ ಅತ್ತೆ ಕ್ಷೇಮ’ ಎಂದಿತ್ತು. ಅಕ್ಕನ ಅತ್ತೆ ತಮ್ಮನ ಊರಿನಲ್ಲಿ ಏಕಿದ್ದಳು ಎಂದು ತುಸು ತಡವರಿಸಿದೆ, ಬಳಗದೊಳಗೇ ಕೊಟ್ಟಿರಬೇಕು ಎಂದು ದಾಟಿಕೊಂಡೆ. ಉಪನ್ಯಾಸದ ಸಾರಾಂಶವನ್ನು ಮರಾಠಿಯಲ್ಲಿ ಬರೆದು, ಊರಿನ ಹಳೆ ಹೆಸರು ಹೊಸ ಹೆಸರು ಎರಡನ್ನೂ ಅಂಜಿಕೆಯಿಂದ ಪಕ್ಕಪಕ್ಕ ಇಟ್ಟು, ‘ಜ್ಯೇಷ್ಠ ಭಗಿನಿ’ ಎಂಬ ದೊಡ್ಡ ಮಾತು ಹಾಕಿ ಗ್ರಂಥಪಾಲಕಿಗೆ ಕೊಟ್ಟೆ. ಕರಾರಿನಂತೆ ಅವರು ಅದನ್ನು ಹಿರಿಯರಿಗೆ ಕಳಿಸಿದರು. ನಾನು ವಾರದ ಕೊನೆಗೆಂದು ನಾಸಿಕ್‌ಗೆ ಬಂದೆ.

ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಗ್ರಂಥಪಾಲಕಿಯ ಫೋನು ಬಂತು. ಹಿರಿಯರು ಗ್ರಂಥಾಲಯಕ್ಕೆ ಬಂದು ಮೇಜು ಗುದ್ದಿ ಹೋದರಂತೆ. ಅವರ ಮೂಲಪುರುಷನೇ ತಂದೆತಾಯಿಗೆ ಚೊಚ್ಚಲ ಮಗ. ಅವನಿಗೆ ಅಕ್ಕ ಇರಲಿಲ್ಲ, ತಂಗಿಯೂ ಇರಲಿಲ್ಲ. ಹಾಗಿದ್ದ ಮೇಲೆ ಅಂಗಡಿಯಲ್ಲಿ ಕೂತು ವ್ಯಾಪಾರ ನಡೆಸಿದ ಆ ಹೆಂಗಸು ಯಾರು? ನಮ್ಮ ಮೂಲಪುರುಷ ಯಾರೋ ಹೆಂಗಸನ್ನು ಇಟ್ಟುಕೊಂಡಿದ್ದ ಎಂದು ಊರ ಮುಂದೆ ಸಾರುತ್ತೀರಾ ಎಂದು ಕೇಳಿದರಂತೆ. ಸೋಮವಾರ ವಾಳೂಜ್‌ನಲ್ಲಿರುವ ಮಗನ ಕಾರ್ಖಾನೆಯ ಟೆಂಪೋ ತಂದು ಟ್ರಂಕು ಒಯ್ಯುತ್ತಾರಂತೆ. ನೀವು ಬಂದರೆ ಒಳ್ಳೆಯದು ಎಂದು ಗ್ರಂಥಪಾಲಕಿ ಫೋನಿಟ್ಟರು.

ಎಣ್ಣೆಯ ಕೈಯಲ್ಲೇ ಕೂತುಬಿಟ್ಟೆ. ಏನಾಯಿತೆಂದು ಮಗಳು ಮರಾಠಿಯಲ್ಲಿ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನನಗೆ ಆ ಗಳಿಗೆ ಯಾವ ಭಾಷೆಯೂ ಬರಲಿಲ್ಲ. ಕಣ್ಣ ಮುಂದೆ ಟೆಂಪೋ ಬಂದು, ಟ್ರಂಕು ಏರಿ, ಕಾಗದವೆಲ್ಲ ರಸ್ತೆಯ ತುಂಬ ಹಾರಿಹೋದಂತೆ ಕಂಡಿತು. ಗಂಡ ಸಮಾಧಾನ ಮಾಡಲು ನೋಡಿದರು. ಮುದುಕರು ಹೊಡೆಯುವುದಿಲ್ಲ, ಬೈಯುತ್ತಾರೆ, ಬೈಗುಳಕ್ಕೆ ಗಾಯವಾಗುವುದಿಲ್ಲ ಎಂದರು. ಅವರಿಗೇನು ಹೇಳುವುದು? ಇನ್ನು ಆ ಊರಿನಲ್ಲಿ ಯಾವ ಮನೆತನವೂ ಯಾವ ಗ್ರಂಥಾಲಯಕ್ಕೂ ಕಾಗದ ಕೊಡುವುದಿಲ್ಲ. ಇತಿಹಾಸದವರನ್ನು ಒಳಗೆ ಬಿಟ್ಟರೆ ಮನೆಯ ಮಾನ ತೆಗೆಯುತ್ತಾರೆ ಎಂದು ನನ್ನನ್ನೇ ಬೆರಳು ಮಾಡಿ ತೋರಿಸುತ್ತಾರೆ. ಅನ್ನ ಸೇರಲಿಲ್ಲ. ಸೋಮವಾರ ನಸುಕಿನ ಸರ್ಕಾರಿ ಎಸ್ಟಿ ಬಸ್ಸು ಹಿಡಿದೆ.

ಯೇವಲೆ ದಾಟುವವರೆಗೂ ಹೇಳಬೇಕಾದ ಮಾತುಗಳನ್ನು ಮರಾಠಿಯಲ್ಲಿ ಜೋಡಿಸುತ್ತಿದ್ದೆ. ವೈಜಾಪುರಕ್ಕೆ ಬರುವಷ್ಟರಲ್ಲಿ ಎಲ್ಲ ಮರೆತಿತ್ತು. ಬಸ್ಸು ಕೆಡಲಿ ಎಂದು ಬೇಡಿಕೊಂಡೆ, ಮರುಗಳಿಗೆಯೇ ಕೆಟ್ಟರೆ ಟ್ರಂಕು ಹೋಗುತ್ತದೆ ಎಂದು ಹೆದರಿ ಬೇಡಿಕೆ ವಾಪಸು ತೆಗೆದುಕೊಂಡೆ. ದೌಲತಾಬಾದಿನ ಕೋಟೆ ಕಾಣಿಸಿದಾಗ ಬೇರೆಯವರು ಕಿಟಕಿಗೆ ಬಂದರು, ನಾನು ಕಣ್ಣು ಮುಚ್ಚಿಕೊಂಡೆ. ಗ್ರಂಥಾಲಯದ ಗೇಟಿನ ಒಳಗೆ ಟೆಂಪೋ ಆಗಲೇ ನಿಂತಿತ್ತು.

ಹಿರಿಯರು ನನ್ನ ಮೇಜಿನ ಬಳಿಯೇ ಕೂತಿದ್ದರು. ಬಿಳಿ ಧೋತರ, ಕರಿ ಟೋಪಿ, ಹಣೆಯಲ್ಲಿ ಅಗಲವಾದ ವಿಭೂತಿ. ಮಾತು ಮರಾಠಿಯಲ್ಲಿ ಶುರುವಾಯಿತು. ಮ್ಯಾಡಮ್ ಮ್ಯಾಡಮ್ ಎನ್ನುತ್ತಲೇ ಬೆಂಡೆತ್ತಿದರು. ಓದಿದವರೆಂದು ಟ್ರಂಕಿನ ಚಾವಿ ಕೈಗೆ ಕೊಟ್ಟೆವು, ನೀವು ಸತ್ತವನ ಮೇಲೆ ಕೆಸರು ಚೆಲ್ಲಿದಿರಿ ಎಂದರು. ಜೋಡಿಸಿಕೊಂಡು ಬಂದ ಒಂದು ಮರಾಠಿ ಮಾತೂ ಹೊರಡಲಿಲ್ಲ. ಬಾಯಿಂದ ಬಂದದ್ದು ಅವ್ವನ ಹತ್ತಿರ ಆಡುವ ಕನ್ನಡ.

“ತಪ್ಪಾಯ್ತ್ರಿ ಕಾಕಾ.”

ಅವರು ತಟ್ಟನೆ ಮಾತು ನಿಲ್ಲಿಸಿದರು. ಯಾವ ಕಡೆಯವಳು ಎಂದು ಕೇಳಿದರು. ಬೀದರ್ ಕಡೆ ಎಂದೆ. ಸಿಟ್ಟು ಇಳಿಯುತ್ತದೆ ಎಂದುಕೊಂಡರೆ ಇನ್ನೂ ಏರಿತು. ಪರಕೀಯರು ಅಂದರೆ ತಡೆದುಕೊಳ್ಳಬಹುದು, ನಮ್ಮವರೇ ಅಂದರೆ ಹೇಗೆ?

“ನಮ್ಮ ಕಡಿ ಹೆಣ್ಣಮಗಳಾಗಿ ನಮ್ಮ ಮನಿ ಮಾನ ಹಿಂಗ ಕಳೀತಿ ಏನ್ ತಾಯಿ?”

ನಾನು ಅಳುವ ಹಂತದಲ್ಲಿದ್ದೆ. ಆದರೆ ಆ ಕೊನೆಯ ಮಾತು ಕಿವಿಯೊಳಗೆ ಹೋಗಿ ಅಲ್ಲೇ ನಿಂತಿತು. ನನ್ನನ್ನು ಏನೆಂದು ಕರೆದಿರಿ ಎಂದು ಕೇಳಿದೆ. ಎದುರಾಡುತ್ತಿದ್ದಾಳೆ ಎಂದುಕೊಂಡು ಅವರು ಕಣ್ಣು ಕೆಂಪಗೆ ಮಾಡಿದರು.

“ತಾಯಿ ಅಂದೆ. ಅದೇನ್ ಬೈಗಳಲ್ಲ.”

ಬೈಗುಳವಲ್ಲ ನಿಜ. ಅಪ್ಪನೂ ನನ್ನನ್ನು ಹಾಗೆ ಕರೆದದ್ದುಂಟು, ಜ್ವರ ಬಂದಾಗ, ಪರೀಕ್ಷೆಗೆ ಹೊರಟಾಗ. ನಮ್ಮ ಕಡೆ ಹಿರಿಯರು ಎಳೆಯ ಹೆಣ್ಣುಮಕ್ಕಳನ್ನು ಪ್ರೀತಿಗೂ ತಾಯಿ ಎನ್ನುತ್ತಾರೆ, ಸಿಟ್ಟಿಗೂ ತಾಯಿ ಎನ್ನುತ್ತಾರೆ. ಆದರೆ ನಾನು ಬೆಳೆದದ್ದು ನಾಸಿಕ್‌ನಲ್ಲಿ. ತರಕಾರಿಯವ ನನಗೆ ತಾಈ ಎನ್ನುತ್ತಾನೆ, ನನ್ನ ಮಗಳು ಪಕ್ಕದ ಮನೆಯ ಹುಡುಗಿಗೆ ತಾಈ ಎನ್ನುತ್ತಾಳೆ. ಮರಾಠಿಯವರು ‘ಯಿ’ಯನ್ನೂ ‘ಈ’ ಎಂದೇ ಬರೆಯುವುದರಿಂದ ಮೋಡಿಯಲ್ಲಿ ತಾಯಿ, ತಾಈ ಎರಡೂ ಒಂದೇ ರೀತಿ. ಕಿವಿಗೆ ಗೊತ್ತಿದ್ದದ್ದು ಕಣ್ಣಿಗೆ ಗೊತ್ತಾಗಲಿಲ್ಲ. ಮರಾಠಿ ಪತ್ರದೊಳಗೆ ಒಬ್ಬ ಕನ್ನಡಿಗ ಕನ್ನಡದಲ್ಲೇ ಕರೆಯುತ್ತಿದ್ದ, ನಾನು ಅವನನ್ನು ಮರಾಠಿಯವನೆಂದು ಓದಿದ್ದೆ.

ನಿಮ್ಮ ಮನೆಯಲ್ಲಿ ಹಿರಿಯರು ಯಾರನ್ನು ಹೀಗೆ ಕರೆಯುತ್ತಿದ್ದರು ಎಂದು ಕೇಳಿದೆ. ಅವರು ಬೇಸರದಿಂದಲೇ ಉತ್ತರ ಕೊಟ್ಟರು. ಹೆಣ್ಣುಮಕ್ಕಳನ್ನು, ಸೊಸೆಯರನ್ನು. ತಮ್ಮ ಅಜ್ಜನ ಅಪ್ಪನಾದ ಮೂಲಪುರುಷನಿಗೆ ಅವರು ಮುತ್ಯಾ ಎನ್ನುತ್ತಿದ್ದರು. ಆ ಮುತ್ಯಾ ಸೊಸೆಯನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲವಂತೆ, ತಾಯಿ ಅನ್ನುತ್ತಿದ್ದನಂತೆ. ಆ ಸೊಸೆ ಇವರ ಅಜ್ಜಿ, ಅಪ್ಪನ ಅವ್ವ. ಇವರ ಬಾಯಲ್ಲಿ ಆಯಿ.

‘ನಿನ್ನ ಅತ್ತೆ ಕ್ಷೇಮ.’ ನಾನು ಹಾರಿ ದಾಟಿದ್ದ ಸಾಲು ಈಗ ಎದುರು ಬಂದು ನಿಂತಿತು. ಮಾವ ಊರಿನಿಂದ ಸೊಸೆಗೆ ಅತ್ತೆಯ ಕ್ಷೇಮ ತಿಳಿಸದೆ ಇನ್ನೇನು ಮಾಡುತ್ತಾನೆ? ಇಷ್ಟಾದರೂ ಹೇಳುವ ಧೈರ್ಯವಾಗಲಿಲ್ಲ. ಒಮ್ಮೆ ತಪ್ಪು ಓದಿದವಳು ಮತ್ತೆ ತಪ್ಪು ಓದಿದರೆ? ಸ್ವಲ್ಪ ಹೊತ್ತು ಕೊಡಿ ಎಂದು ಬೇಡಿಕೊಂಡೆ. ಲಕೋಟೆಯಲ್ಲಿಟ್ಟಿದ್ದ, ಮಡಿಕೆ ಅಂಟಿದ್ದ ಪತ್ರವನ್ನು ತೆಗೆದೆ. ತಲೆ ಉಳಿದಿದ್ದ ಪತ್ರ ಅದೊಂದೇ.

ಗ್ರಂಥಪಾಲಕಿ ನೀರಿನಲ್ಲಿ ಅದ್ದಿ ಹಿಂಡಿದ ಹೀರುಕಾಗದ ತಂದು ಮಡಿಕೆಯ ಮೇಲೆ ಇಟ್ಟರು. ತುಸು ಮೆತ್ತಗಾದ ಮೇಲೆ ನೀವೇ ಬಿಡಿಸಿ ಎಂದು ನನ್ನ ಕೈಗೆ ತೆಳ್ಳನೆಯ ಬಿದಿರುಕಡ್ಡಿ ಕೊಟ್ಟರು. ನಾನು ಒಲ್ಲೆ ಎಂದೆ. ಇದರ ಮುಂದಿನ ಸಾಲು ಓದಬೇಕಾದವರು ನೀವು, ಎಲ್ಲಿ ನಿಲ್ಲಬೇಕು ಎಂಬುದು ನಿಮ್ಮ ಕೈಗೇ ತಿಳಿಯುವುದು ಎಂದು ಅವರು ಪಟ್ಟು ಹಿಡಿದರು. ಕಾಗದದ ಒಡೆಯರು ಮೂಗಿನ ಹತ್ತಿರ ಬಗ್ಗಿ ನೋಡುತ್ತಿದ್ದಾರೆ, ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದಾನೆ. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಉಸಿರು ಬಿಟ್ಟರೆ ಹರಿದೀತು ಎಂದು ಉಸಿರು ಹಿಡಿದೆ. ಮಡಿಕೆ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಸಡಿಲಿತು. ಒಂದು ಮೂಲೆ ಉದುರಿತು, ಅಕ್ಷರ ಉದುರಲಿಲ್ಲ.

ಒಳಗೆ ಮೊದಲ ಸಾಲು ಸ್ಪಷ್ಟವಾಗಿತ್ತು. ಚಿರಂಜೀವ ಸೌಭಾಗ್ಯವತಿಗೆ ಅನೇಕ ಆಶೀರ್ವಾದ. ತಮ್ಮನಾದವನು ಅಕ್ಕನಿಗೆ ಆಶೀರ್ವಾದ ಬರೆಯುವುದಿಲ್ಲ, ನಮಸ್ಕಾರ ಬರೆಯುತ್ತಾನೆ. ಇವಳು ಕಿರಿಯವಳು, ಮುತ್ತೈದೆ. ಎರಡನೆಯ ಸಾಲಿನಲ್ಲಿ ‘ನಿನ್ನ ಯಜಮಾನನು ನನ್ನ ಸಂಗಡ ಸುಖವಾಗಿದ್ದಾನೆ’ ಎಂದಿತ್ತು. ಅಪ್ಪ ಮಗ ಇಬ್ಬರೂ ಹತ್ತಿ ಖರೀದಿಗೆ ಹೋದಾಗ ಮನೆಯ ಸೊಸೆ ಅಂಗಡಿ ನಡೆಸಿದ್ದಳು. ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಹಿರಿಯರ ಮುಖದ ಮೇಲಿನ ಗಂಟುಗಳು ಬಿಚ್ಚಿದವು.

“ನಮ್ಮ ಆಯಿ,” ಎಂದರು. ಮತ್ತೊಮ್ಮೆ ಅದನ್ನೇ ಅಂದರು. ಆಮೇಲೆ ಟೆಂಪೋದವನಿಗೆ ಹೋಗು ಎನ್ನಲು ಹೇಳಿ ಕಳಿಸಿದರು. ಚಹಾ ತರಿಸಿದರು, ನನಗೂ ಒಂದು ಕಪ್ಪು. ದಾನಪತ್ರ ತಯಾರಿದ್ದರೆ ಇವತ್ತೇ ಸಹಿ ಹಾಕುತ್ತೇನೆ ಎಂದರು. ಗ್ರಂಥಪಾಲಕಿ ಎದ್ದೇಬಿಟ್ಟರು. ನನ್ನ ಎದೆ ಮೊದಲ ಸಲ ಹಗುರಾಯಿತು.

ಚಹಾ ಕುಡಿಯುತ್ತ ಅವರು ತಮ್ಮಷ್ಟಕ್ಕೇ ಅಂದಂತೆ ಒಂದು ಮಾತು ಅಂದರು. ಆಯಿಗೆ ಓದಲು ಬರೆಯಲು ಬರುತ್ತಿರಲಿಲ್ಲ, ಅಂಗಡಿಯ ಲೆಕ್ಕ ಬರೆಯುವ ಮುನೀಮನೇ ಈ ಪತ್ರ ಓದಿ ಹೇಳುತ್ತಿದ್ದಿರಬೇಕು. ಹೌದಲ್ಲ ಎಂಬಂತೆ ನನ್ನ ಕಡೆ ನೋಡಿದರು.

ಹೂಂ ಎಂದರೆ ಮುಗಿಯುತ್ತಿತ್ತು. ಸಹಿಯಾಗುತ್ತಿತ್ತು, ಕಾಗದ ಉಳಿಯುತ್ತಿತ್ತು, ನಾನು ನಾಸಿಕ್‌ಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಆದರೆ ನನ್ನ ಬಳಿ ಇನ್ನೊಂದು ಪತ್ರವಿತ್ತು, ಅದನ್ನು ನಾನು ಎಷ್ಟೋ ಸಲ ಓದಿದ್ದೆ. ಅಕ್ಕನಿಗೆ ಬರೆದದ್ದೆಂದುಕೊಂಡಾಗ ಅದರಲ್ಲಿ ಅಂಥ ವಿಶೇಷ ಕಂಡಿರಲಿಲ್ಲ. ಉಪನ್ಯಾಸದ ದಿನ ಅದನ್ನು ಓದಿದರೆ ಇವರು ಜನರ ನಡುವೆ ಕೇಳಬೇಕಾಗುತ್ತದೆ. ಓದದೆ ಬಿಟ್ಟರೆ ನಾಲ್ಕು ತಿಂಗಳು ನಾನು ಇಲ್ಲಿ ಕೂತದ್ದಕ್ಕೆ ಅರ್ಥವಿಲ್ಲ. ಈ ಸಲದ ಅಂಜಿಕೆ ಮೊದಲಿನದಕ್ಕಿಂತ ಕೆಟ್ಟದ್ದಾಗಿತ್ತು, ಯಾಕೆಂದರೆ ಕಳೆದುಕೊಳ್ಳುವಂಥದ್ದು ಈಗ ಕೈಗೆ ಬಂದಿತ್ತು. ಗ್ರಂಥಪಾಲಕಿ ದಾನಪತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಅವರಿಗೆ ಬರತಿತ್ರಿ ಕಾಕಾ,” ಎಂದೆ.

ಪತ್ರ ತೆಗೆದು ಓದಿದೆ. ಇದನ್ನು ನೀನೇ ಓದು, ಮುನೀಮನ ಕೈಗೆ ಕೊಡಬೇಡ. ನಿನ್ನ ಪತ್ರ ಮುಟ್ಟಿತು. ನಿನ್ನ ಅಕ್ಷರ ಈಗ ದುಂಡಗಾಗಿದೆ, ನನ್ನ ಮಗನ ಅಕ್ಷರಕ್ಕಿಂತ ಚೆಂದ.

ಅವರು ಕಪ್ಪು ಕೆಳಗಿಟ್ಟರು. ಅವರು ಎದ್ದುಹೋಗಿ ಟೆಂಪೋವನ್ನು ವಾಪಸು ಕರೆಸುತ್ತಾರೆ ಎಂದೇ ನಾನು ಕಾದೆ. ಅವರು ಮಾತಾಡಿದಾಗ ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಮುಂದಕ್ಕೆ ಬಗ್ಗಬೇಕಾಯಿತು. ಅಜ್ಜ ತೀರಿದ ಮೇಲೆ ಅಪ್ಪ ಮತ್ತು ಕಾಕಂದಿರು ಅಂಗಡಿ, ಮನೆ ಪಾಲು ಮಾಡಿಕೊಂಡರಂತೆ. ಆಯಿಯ ಪಾಲಿಗೆ ಏನೂ ಬರಲಿಲ್ಲ, ಊಟಕ್ಕೆ ಹಾಕುತ್ತೇವೆ ಎಂದು ಬರೆದುಕೊಂಡರು. ಓದು ಬಾರದ ಹೆಂಗಸು ಎಂದು ಕಾಗದದ ಕೆಳಗೆ ಬರೆಸಿ ಹೆಬ್ಬೆಟ್ಟು ಒತ್ತಿಸಿದರು. ಆ ದಿನ ಇವರು ಅದೇ ಕೋಣೆಯಲ್ಲಿದ್ದರು.

“ಅಪ್ಪ ಆಕಿ ಬೆರಳು ಹಿಡದು ಒತ್ತಿಸ್ದ. ಆಕಿ ಆ ಕಾಗದ ನೋಡ್ಕೋತ ಕೂತಿದ್ಳು. ಓದ್ಲಿಕತ್ತಿದ್ಳು ಅಂತ ನನಗೇನ್ ಗೊತ್ತು?”

ನನಗೆ ದುಃಖ ಉಕ್ಕಿ ಬಂತು, ಅದರ ಜೊತೆಗೇ ಭಯ. ಇಷ್ಟು ಹೇಳಿದ ಮೇಲೆ ಈ ಮನುಷ್ಯ ಈ ಕಾಗದಗಳನ್ನು ಇಲ್ಲಿ ಹೇಗೆ ಬಿಡುತ್ತಾರೆ? ಯಾವ ಮಗ ಬಿಡುತ್ತಾನೆ? ನಾನೇ ಆಗಿದ್ದರೂ ಒಯ್ಯುತ್ತಿದ್ದೆ. ಟ್ರಂಕಿನ ಚಾವಿಯನ್ನು ಮೇಜಿನ ಮೇಲೆ ಅವರ ಮುಂದೆ ಸರಿಸಿಟ್ಟೆ.

ಅವರು ಚಾವಿಯನ್ನು ಮುಟ್ಟಲಿಲ್ಲ. ದಾನಪತ್ರ ಇಸಿದುಕೊಂಡು, ಓದದೆ, ಕನ್ನಡದಲ್ಲಿ ಸಹಿ ಹಾಕಿದರು. ಉಪನ್ಯಾಸಕ್ಕೆ ಬರುವುದಿಲ್ಲ, ನೀವು ಎಲ್ಲವನ್ನೂ ಹೇಳಿ ಎಂದರು. ಮನೆಯವರನ್ನು ಒಮ್ಮೆ ಕೇಳಬಹುದಿತ್ತಲ್ಲ, ಇನ್ನೆರಡು ದಿನ ಬಿಟ್ಟು ಹಾಕಬಹುದಿತ್ತಲ್ಲ ಎಂದು ಗ್ರಂಥಪಾಲಕಿಯೇ ಮೆಲ್ಲಗೆ ಕೇಳಿದರು.

“ಬ್ಯಾಡ. ಇವತ್ತೇ ಒಳಗ ಇಟ್ಟು ಕೀಲಿ ಹಾಕ್ರಿ. ಮನಿಗೆ ಒಯ್ದರ ನಾನೇ ಹರಿದು ಹಾಕ್ತೀನಿ ಅಂತ ನನಗ ಅಂಜಿಕಿ.”

ಹಾಗೆಂದು ಎದ್ದರು. ಪತ್ರ ಇನ್ನೂ ಮೇಜಿನ ಮೇಲೆ ತೆರೆದೇ ಇತ್ತು. ಅದನ್ನು ರುಮಾಲಿನಲ್ಲಿ ಸುತ್ತಿ ನಾನು ಒಳಗಿಡುವ ತನಕ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಗೋಡೆಗೆ ಆನಿಕೊಂಡು ನಿಂತಿದ್ದರು.